ಮಾತಾಡದವನ ನಾಡಿ 112: ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಗಂಡ-ಹೆಂಡತಿ ಕಾಸರಗೋಡು ಜಿಲ್ಲೆಯ ಒಳನಾಡಿನವರು. ಊರು, ವಯಸ್ಸು, ಆಸ್ಪತ್ರೆ, ಹೀಗೆ ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದೆ; ಇದೇ ಬಗೆಯ ಬೇರೆ ಮನೆಗಳ ವಿವರವನ್ನೂ ಬೆರೆಸಿದೆ. ಇವರನ್ನು ನೋಡಿಕೊಂಡ ಆರೋಗ್ಯ ತಂಡ ತೆಗೆದುಕೊಂಡ ತೀರ್ಮಾನಗಳನ್ನು, ಅದು ಎಡವಿದ ಜಾಗಗಳನ್ನು ಮಾತ್ರ ಹಾಗೆಯೇ ಉಳಿಸಿದೆ.

ಹಿನ್ನೆಲೆ

ಗಂಡನಿಗೆ 36, ಹೆಂಡತಿಗೆ 30. ಎರಡೂವರೆ ಎಕರೆ ಅಡಿಕೆ ತೋಟ, ಎರಡು ದನ, ಮನೆಯಲ್ಲಿ ಗಂಡನ ತಾಯಿ. ಮನೆಮಾತು ತುಳು, ಇಬ್ಬರೂ ಓದಿದ್ದು ಕನ್ನಡದಲ್ಲಿ. ಆಕೆಯ ತವರು ಪುತ್ತೂರಿನ ಕಡೆ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಈ ಸಣ್ಣ ಸಂಗತಿಗೆ ಮುಂದೆ ಕೆಲಸವಿದೆ.

ಜುಲೈ ಮೊದಲ ವಾರ, ಬಸುರಿನ 34ನೇ ವಾರದಲ್ಲಿ, ಮಾಸು ಮೊದಲೇ ಬಿಟ್ಟುಕೊಂಡು ರಕ್ತಸ್ರಾವವಾಯಿತು. ಮಂಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ತುರ್ತಾಗಿ ಹೊಟ್ಟೆ ಕೊಯ್ದು ತೆಗೆದ ಮಗುವಿಗೆ ಉಸಿರಿರಲಿಲ್ಲ. ತಾಯಿ ಆರು ದಿನ ಆಸ್ಪತ್ರೆಯಲ್ಲೇ ಉಳಿದಳು. ಗಂಡ ಮತ್ತು ಅವನ ಅಣ್ಣ ಅದೇ ರಾತ್ರಿ ಮಗುವನ್ನು ಊರಿಗೆ ತಂದು ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಕ್ರಿಯೆ-ಗಿಯೆ ಬೇಡ, ಜಾಗ ಎಲ್ಲೆಂದು ಅವಳಿಗೆ ಹೇಳುವುದೂ ಬೇಡ ಎಂದು ಹಿರಿಯರು ತೀರ್ಮಾನಿಸಿದರು. ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳೆ ಎಂಬ ಭಯ.

ಮೂರನೇ ದಿನ ಮಳೆ ಬಿಟ್ಟಿತು. ಅಡಿಕೆಗೆ ಎರಡನೇ ಸಲ ಮದ್ದು ಬಿಡುವ ಹೊತ್ತು ಅದು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲನೆಯದನ್ನು ಮಳೆ ಹಿಡಿಯುವ ಮುಂಚೆ, ಎರಡನೆಯದನ್ನು 40-45 ದಿನ ಬಿಟ್ಟು ಹೊಡೆಯಬೇಕು. ತಪ್ಪಿದರೆ ಎಳೆಕಾಯಿ ರಾಶಿ ರಾಶಿ ಉದುರುತ್ತದೆ. ಮರ ಹತ್ತುವ ಆಳು ಕೇಳಿದ ದಿನ ಸಿಗುವವನಲ್ಲ. ಸಿಕ್ಕ ದಿನ ಬಿಡುವ ಹಾಗಿಲ್ಲ. ಗಂಡ ತೋಟಕ್ಕಿಳಿದ. ಆಸ್ಪತ್ರೆಯ ಮಂಚದಲ್ಲಿದ್ದ ಹೆಂಡತಿಗೆ ಈ ಸುದ್ದಿ ಫೋನಿನಲ್ಲಿ ನಾದಿನಿಯಿಂದ ತಲುಪಿತು. ಮುಂದಿನ ಏಳು ತಿಂಗಳ ಜಗಳಕ್ಕೆಲ್ಲ ಬೀಜ ಆ ಫೋನ್ ಕರೆ.

ಸಮಸ್ಯೆ

ಫೆಬ್ರವರಿಯಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಹೆಂಡತಿ ಹಗಲಿಡೀ ಮಲಗುತ್ತಿದ್ದಳು, ಊಟ ಅರ್ಧಕ್ಕೆ ಇಳಿದಿತ್ತು, ದಿನಕ್ಕೆ ಹಲವು ಸಲ ಅಳು. ಗಂಡ ರಾತ್ರಿ ಒಂಬತ್ತಕ್ಕೆ ಪಂಪು ಚಾಲೂ ಮಾಡುವ ನೆಪದಲ್ಲಿ ತೋಟಕ್ಕೆ ಹೋಗಿ ಹನ್ನೆರಡಕ್ಕೆ ಬರುತ್ತಿದ್ದ. ವಾರಕ್ಕೆ ನಾಲ್ಕೈದು ದಿನ ಒಂದೊಂದು ಕ್ವಾರ್ಟರ್ ಬ್ರಾಂದಿ. "ಅವರಿಗೆ ಎಂತದೂ ಆಗ್ಲಿಲ್ಲ ಸಿಸ್ಟರ್. ಮೂರನೇ ದಿನ ಮದ್ದು ಬಿಡ್ಲಿಕ್ಕೆ ಹೋಗಿದ್ದಾರೆ" ಎಂಬುದು ಆಕೆಯ ಒಂದೇ ಮಾತು. ಆತನದೂ ಒಂದೇ: "ಎಂಥ ಇಲ್ಲ. ನಿದ್ದೆ ಸ್ವಲ್ಪ ಕಮ್ಮಿ, ಅಷ್ಟೆ."

ಇಬ್ಬರಿಗೂ ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿ ಹಾಕಲಾಯಿತು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರು ನೋಡಲೇಬೇಕು. ಹೆಂಡತಿಗೆ 17, ಗಂಡನಿಗೆ 6. ಹೀಗೆ ರೋಗಿ ಯಾರೆಂಬುದು ಒಂದು ಹಾಳೆಯ ಮೇಲೆ ತೀರ್ಮಾನವಾಗಿಬಿಟ್ಟಿತು. ಇದು ಮೊದಲ ಎಡವಟ್ಟು. ಅದು ಹೇಗಾಯಿತೆಂದು ಬಿಡಿಸಿ ನೋಡುವುದು ಒಳ್ಳೆಯದು.

ಹಾಳೆ ಮಲಯಾಳದ್ದು. ಓದಿದ ಸಿಸ್ಟರ್ ಬಾಯಲ್ಲೇ ಕನ್ನಡ ಮಾಡಿ ಕೇಳಿದ್ದರು. 'ಮನಸ್ಸು ಕುಗ್ಗಿದೆಯೇ, ಖಿನ್ನತೆಯೇ, ಯಾವ ಆಸೆಯೂ ಇಲ್ಲವೆನಿಸುತ್ತದೆಯೇ' ಎಂಬುದು "ಬೇಜಾರು ಉಂಟಾ?" ಎಂದಾಯಿತು. ಈ ಸೀಮೆಯಲ್ಲಿ ಬೇಜಾರು ಎಂದರೆ ಹೊತ್ತು ಹೋಗದಿರುವುದೂ ಹೌದು, ಮುನಿಸೂ ಹೌದು, ಸಾವಿನ ದುಃಖವೂ ಹೌದು. ಹೆಂಡತಿ ಮೂರನೆಯದನ್ನು ಕೇಳಿಸಿಕೊಂಡಳು, ಗಂಡ ಮೊದಲನೆಯದನ್ನು. ದಿನಕ್ಕೆ ಹದಿನಾಲ್ಕು ಗಂಟೆ ತೋಟದಲ್ಲಿರುವವನಿಗೆ ಹೊತ್ತು ಹೋಗದಿರುವುದು ಎಲ್ಲಿಂದ ಬಂತು? ಸೊನ್ನೆ. ಅಲ್ಲದೆ ಆತನನ್ನು ಕೇಳಿದ್ದು ಜಗಲಿಯಲ್ಲಿ, ತಾಯಿ ಬಾಗಿಲ ಪಕ್ಕ ನಿಂತಿದ್ದಾಗ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ತಾಯಿಯ ಎದುರು ಅದಕ್ಕೆ ಸೊನ್ನೆಯಲ್ಲದೆ ಬೇರೆ ಉತ್ತರ ಬರುವುದುಂಟೇ? ಆತನ ಆರು ಅಂಕಗಳಲ್ಲಿ ಮೂರು ನಿದ್ದೆಯವು, ಉಳಿದವು ಸುಸ್ತು, ಊಟ, ಚಡಪಡಿಕೆಯವು. ಮನಸ್ಸಿನ ಪ್ರಶ್ನೆಗಳೆಲ್ಲ ಖಾಲಿ, ದೇಹದವೆಲ್ಲ ಭರ್ತಿ. ಒಟ್ಟು ಅಂಕ ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಮಾಡಿದ್ದೇನು

ಮೊದಲಿಗೆ ಹೆಂಡತಿಯ ಹಿಮೊಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ. ಹೆರಿಗೆಯಾದ ವರ್ಷದೊಳಗೆ ಥೈರಾಯ್ಡ್ ಏರುಪೇರಾಗುವುದುಂಟು, ಅದು ಖಿನ್ನತೆಯ ವೇಷದಲ್ಲೇ ಬರುತ್ತದೆ. ಥೈರಾಯ್ಡ್ ಸರಿಯಿತ್ತು, ಹಿಮೊಗ್ಲೋಬಿನ್ 10.1. ಕಬ್ಬಿಣದ ಮಾತ್ರೆ, ಜೊತೆಗೆ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ: ಮೊದಲ ವಾರ 25 ಮಿಲಿಗ್ರಾಂ, ಬಳಿಕ 50. ಮೂರು ವಾರದಲ್ಲಿ ನಿದ್ದೆ ಸುಧಾರಿಸಿತು. ಜಗಳ ಸುಧಾರಿಸಲಿಲ್ಲ.

ಆಗ ಇಬ್ಬರನ್ನೂ ಕೂರಿಸಿ ಮಾತಾಡಲಾಯಿತು. ಇಲ್ಲಿ ಎರಡನೇ ಎಡವಟ್ಟು, ಮೊದಲನೆಯದಕ್ಕಿಂತ ದೊಡ್ಡದು. ಸಮಾಧಾನ ಹೇಳುವ ಉದ್ದೇಶದಿಂದ ಆಪ್ತಸಲಹೆಗಾರರು ಮೆದುಳಿನ ಚಿತ್ರ ಬಿಡಿಸಿದರು: ಹೆಂಗಸರಲ್ಲಿ ಭಾವನೆಯ ಭಾಗಕ್ಕೂ ಮಾತಿನ ಭಾಗಕ್ಕೂ ಸಂಪರ್ಕ ಜಾಸ್ತಿ, ಗಂಡಸರಲ್ಲಿ ಕಡಿಮೆ, ಅವರ ಮೆದುಳೇ ಹಾಗೆ, ತಪ್ಪು ತಿಳಿಯಬೇಡಿ ಎಂದು. ಕೇಳಲು ಹಿತವಾಗಿತ್ತು. ಎರಡು ವಾರ ಬಿಟ್ಟು ಬಂದಾಗ ಹೆಂಡತಿ ಕೈಚೆಲ್ಲಿದ್ದಳು: "ಅವರ ಮೆದುಳಲ್ಲೇ ಇಲ್ಲ ಅಂದ್ಮೇಲೆ ಎಂತ ಹೇಳುದು?" ಗಂಡನಿಗೆ ಅದೊಂದು ರಜಾಚೀಟಿಯಾಗಿತ್ತು. ಪಂಪಿನ ನೆಪ ಹೇಳುವ ಶ್ರಮವೂ ಈಗ ಬೇಕಿರಲಿಲ್ಲ.

ಆ ಚಿತ್ರ ವಿಜ್ಞಾನವಾಗಿಯೂ ತೆಳ್ಳಗಿನದು. ಷಿಕಾಗೊದ ನರವಿಜ್ಞಾನಿ ಲೀಸ್ ಎಲಿಯಟ್ ಮತ್ತು ಸಂಗಡಿಗರು ಮೂವತ್ತು ವರ್ಷಗಳ ಮೆದುಳು ಚಿತ್ರಣದ ಅಧ್ಯಯನಗಳನ್ನು ಒಟ್ಟು ಹಾಕಿ 2021ರಲ್ಲಿ ಹೇಳಿದ್ದು ಇಷ್ಟು: ಗಂಡಸರ ಮೆದುಳು ಸರಾಸರಿ ಶೇಕಡಾ 11ರಷ್ಟು ದೊಡ್ಡದು, ಆ ಗಾತ್ರದ ಲೆಕ್ಕ ಕಳೆದರೆ, ಮೆದುಳಿನಿಂದ ಮೆದುಳಿಗೆ ಇರುವ ರಚನೆಯ ವ್ಯತ್ಯಾಸದಲ್ಲಿ ಗಂಡು-ಹೆಣ್ಣು ಎಂಬುದರ ಪಾಲು ಶೇಕಡಾ 1ರ ಆಸುಪಾಸು. ಟೆಲ್ ಅವೀವ್‌ನ ಡಾಫ್ನಾ ಜೋಯಲ್ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಮೆದುಳುಗಳ ಸ್ಕ್ಯಾನ್ ನೋಡಿ, ಪೂರ್ತಿ 'ಗಂಡು ಮೆದುಳು' ಪೂರ್ತಿ 'ಹೆಣ್ಣು ಮೆದುಳು' ಎಂಬುದು ಅಪರೂಪ, ಹೆಚ್ಚಿನವು ಎರಡರ ಮಿಶ್ರಣ ಎಂದಿತ್ತು. ಹಾಗೆಂದು ವ್ಯತ್ಯಾಸವೇ ಇಲ್ಲವೆನ್ನುವಂತಿಲ್ಲ. ಆದರೆ ಅದು ಹೆಚ್ಚಾಗಿ ಕಾಣುವುದು ತೋರಿಸಿಕೊಳ್ಳುವುದರಲ್ಲಿ. ಮನೋವಿಜ್ಞಾನಿಗಳಾದ ಆನ್ ಕ್ರಿಂಗ್ ಮತ್ತು ಆಲ್ಬರ್ಟ್ ಗಾರ್ಡನ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಸಿನಿಮಾ ತುಣುಕು ನೋಡಿದ ಗಂಡಸರು, ಹೆಂಗಸರಲ್ಲಿ ಮುಖದ ಭಾವ ಹೆಂಗಸರದ್ದೇ ಹೆಚ್ಚು. ಎಷ್ಟು ಅನುಭವವಾಯಿತು ಎಂದು ಕೇಳಿದರೆ ಇಬ್ಬರದೂ ಸಮಸಮ.

ಗಾಟ್‌ಲ್ಯಾಂಡಿನ ಪಾಠ

ಗಂಡನ ಹಾಳೆಯನ್ನು ಮತ್ತೆ ತೆಗೆಯಲು ಕಾರಣ ಸ್ವೀಡನ್ನಿನ ಗಾಟ್‌ಲ್ಯಾಂಡ್ ಎಂಬ ದ್ವೀಪ. 1983-84ರಲ್ಲಿ ಅಲ್ಲಿನ ವೈದ್ಯರಿಗೆಲ್ಲ ಖಿನ್ನತೆ ಗುರುತಿಸುವ ತರಬೇತಿ ಕೊಟ್ಟರು. ಆತ್ಮಹತ್ಯೆ ಇಳಿಯಿತು, ಆದರೆ ಇಳಿದದ್ದು ಬಹುಪಾಲು ಹೆಂಗಸರದ್ದು. ಗಂಡಸರು ವೈದ್ಯರ ಬಳಿಗೇ ಬಂದಿರಲಿಲ್ಲ. ಬಂದವರೂ ಸಿಡುಕು, ಕುಡಿತ, ನಿದ್ದೆಗೇಡು ಹೇಳಿದ್ದರೇ ಹೊರತು ದುಃಖ ಹೇಳಿರಲಿಲ್ಲ. ಅದರಿಂದ ಹುಟ್ಟಿದ್ದು 13 ಪ್ರಶ್ನೆಗಳ ಗಾಟ್‌ಲ್ಯಾಂಡ್ ಮಾಪಕ. ಒಟ್ಟು 39, 13 ದಾಟಿದರೆ ಅನುಮಾನ, 26 ದಾಟಿದರೆ ಗಟ್ಟಿ ಅನುಮಾನ. ಇದೊಂದರಿಂದಲೇ ರೋಗ ನಿರ್ಧರಿಸುವಂತಿಲ್ಲ, ಬಾಗಿಲು ತೆರೆಯಲು ಸಾಕು. ನಮ್ಮಲ್ಲಿ ಆ ಬಾಗಿಲು ತೀರಾ ಬೇಕಾದದ್ದು. ದೇಶದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 1,18,979 ಗಂಡಸರು.

ಈ ಸಲ ಆತನನ್ನು ಒಬ್ಬನನ್ನೇ, ತೋಟದಲ್ಲಿ, ಕನ್ನಡ-ತುಳು ಬರುವವರೇ ಕೇಳಿದರು. ಪದಗಳನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಬೇಜಾರು ಎಂಬುದನ್ನು ಬಿಟ್ಟು "ಮಂಡೆ ಬಿಸಿ ಆಗ್ತದಾ? ಸಣ್ಣದಕ್ಕೂ ಸಿಟ್ಟು ಬರ್ತದಾ? ಬೆಳಿಗ್ಗೆ ಏಳುವಾಗಲೇ ಎದೆ ಹಿಡಿದ ಹಾಗೆ ಆಗ್ತದಾ? ಮೊದಲಿನ ಹಾಗೆ ಇಲ್ಲ ಅಂತ ಯಾರಾದ್ರೂ ಹೇಳಿದ್ದುಂಟಾ?" ಎಂದು ಕೇಳಿದರು. ಅಂಕ 21. ಕುಡಿತದ ಆಡಿಟ್ ಪ್ರಶ್ನಾವಳಿಯಲ್ಲಿ 40ಕ್ಕೆ 12, ಎಂಟರಿಂದಲೇ ಎಚ್ಚರಿಕೆ. ಬದುಕು ಸಾಕೆನಿಸಿದ್ದುಂಟೇ ಎಂದು ನೇರ ಕೇಳಿದಾಗ, ಸಾಕೆನಿಸಿದೆ, ಮಾಡಿಕೊಳ್ಳುವ ಯೋಚನೆ ಇಲ್ಲ ಎಂದ. ಅಂದೇ ಸಂಜೆ ಕಳೆನಾಶಕ, ಮೈಲುತುತ್ತು ಇಡುವ ಕೊಟ್ಟಿಗೆಯ ಬೀಗದ ಕೈ ಅಣ್ಣನ ಮನೆಗೆ ಹೋಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿಗೂ ಹಾಕಿಕೊಟ್ಟರು. ಮಾತ್ರೆ ಬೇಡವೆಂದ, ಎರಡು ವಾರಕ್ಕೊಮ್ಮೆ ವೈದ್ಯರನ್ನು ಕಾಣಲು ಒಪ್ಪಿದ.

ನಾಡಿ ನೋಡಿದ್ದು

ಹೆಂಡತಿಯ ನಂಬಿಕೆ ಇನ್ನೂ ಅಲುಗಿರಲಿಲ್ಲ: ಅಳದವನಿಗೆ ನೋವಿಲ್ಲ. ಅದನ್ನು ವಾದದಿಂದ ಬದಲಿಸುವ ಯತ್ನ ಬಿಟ್ಟು, ಕೊರೊನಾ ಕಾಲದಲ್ಲಿ ಬಂದು ಮನೆಮನೆಯ ಕಪಾಟಿನಲ್ಲಿ ಉಳಿದಿರುವ ಬೆರಳಿನ ಆಕ್ಸಿಮೀಟರನ್ನು ಇಬ್ಬರಿಗೂ ಸಿಕ್ಕಿಸಲಾಯಿತು.

ಕ್ರಮ ಹೀಗೆ. ಮೊದಲ ಹತ್ತು ನಿಮಿಷ ಮಾತಿಲ್ಲದೆ ಕೂತು ತಂಗುನಾಡಿ, ಅಂದರೆ ಸುಮ್ಮನಿರುವಾಗ ನಿಮಿಷಕ್ಕೆ ನಾಡಿ ಎಷ್ಟು ಬಡಿಯುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ಬಳಿಕ ಜಗಳದ ವಿಷಯ ಎತ್ತಿ ಮೂರು ನಿಮಿಷಕ್ಕೊಮ್ಮೆ ಸಂಖ್ಯೆ ಗುರುತು ಹಾಕಬೇಕು. ಗಂಡ-ಹೆಂಡತಿಗೆ ಸಂಖ್ಯೆ ಕಾಣಿಸಬಾರದು. ಕಂಡರೆ ಅದನ್ನೇ ನೋಡುತ್ತಾ ಮಾತು ನಿಲ್ಲುತ್ತದೆ. ಮೊದಲ ದಿನದ ಅಳತೆ ಪೂರ್ತಿ ವ್ಯರ್ಥವಾಯಿತು. ಆತ ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿಂದುಕೊಂಡೇ ಬಂದಿದ್ದ, ತಂಗುನಾಡಿಯೇ 96. ಅಡಿಕೆ, ಹೊಗೆಸೊಪ್ಪು ಎರಡೂ ಎದೆಬಡಿತ ಏರಿಸುತ್ತವೆ. ಎರಡನೇ ಸಲ ಒಂದು ಗಂಟೆ ಮುಂಚಿನಿಂದ ಎಲೆಅಡಿಕೆ, ಚಹಾ, ಕಾಫಿ ನಿಲ್ಲಿಸಿ, ಬೆರಳು ಉಜ್ಜಿ ಬಿಸಿ ಮಾಡಿ ಹಾಕಿದರು. ಬೆರಳು ತಣ್ಣಗಿದ್ದರೆ, ಅಲುಗಾಡಿದರೆ ಈ ಯಂತ್ರ ಸುಳ್ಳು ಹೇಳುತ್ತದೆ.

ತಂಗುನಾಡಿ ಆತನದು 76, ಆಕೆಯದು 82. ಹೆಂಡತಿ ಮದ್ದು ಬಿಟ್ಟ ದಿನದ ಮಾತು ಎತ್ತಿದಳು, ಅತ್ತಳು. ಒಂಬತ್ತನೇ ನಿಮಿಷಕ್ಕೆ ಆಕೆಯದು 94. ಗಂಡ ನೆಲ ನೋಡುತ್ತಾ ಕೂತಿದ್ದ, ಮುಖದಲ್ಲಿ ಒಂದು ಗೆರೆ ಕದಲಿರಲಿಲ್ಲ. ಆತನದು 112. ಅತ್ತು ಮುಗಿಸಿದ ಹೆಂಡತಿ ಹತ್ತು ನಿಮಿಷದಲ್ಲಿ 84ಕ್ಕೆ ಇಳಿದಳು. ಆತ 85ರ ಕೆಳಗೆ ಬರಲು 35 ನಿಮಿಷ ಹಿಡಿಯಿತು. ಹಾಳೆಯನ್ನು ಇಬ್ಬರಿಗೂ ತೋರಿಸಲಾಯಿತು. ಹೆಂಡತಿ ಅದನ್ನು ಎರಡು ಸಲ ನೋಡಿ, "ಇದು ಇವರದ್ದಾ?" ಎಂದು ಕೇಳಿದಳು. ಆ ದಿನದ ಮಟ್ಟಿಗೆ ಇನ್ನೇನೂ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಸಿಯಾಟಲ್‌ನ ಜಾನ್ ಗಾಟ್‌ಮನ್ ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ದಶಕಗಟ್ಟಲೆ ಅಳೆದವರು. ನಾಡಿ ನೂರು ದಾಟಿದರೆ ಎದುರಿನವರ ಮಾತು ಒಳಗಿಳಿಯುವುದಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು ಎನ್ನುತ್ತಾರೆ. ಹೀಗೆ ಗೋಡೆಯಾಗಿ ಕೂರುವವರಲ್ಲಿ ಹೆಚ್ಚಿನವರು ಗಂಡಂದಿರು ಎಂಬುದೂ ಅವರದೇ ಲೆಕ್ಕ. ಅತ್ತ ಓಹಿಯೋದ ಸಂಶೋಧಕಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ನವದಂಪತಿಗಳ ರಕ್ತ ತೆಗೆದು ನೋಡಿದಾಗ, ಜಗಳದಿಂದ ಹಾರ್ಮೋನುಗಳಲ್ಲಿ ಹೆಚ್ಚು ಏರುಪೇರು ಕಂಡಿದ್ದು ಹೆಂಡತಿಯರಲ್ಲಿ. ನಾಡಿಯದು ಒಂದು ಕತೆ, ರಕ್ತದ್ದು ಇನ್ನೊಂದು. ಈ ಮನೆಯಲ್ಲೂ ಹಾಗೆಯೇ ಆಯಿತು. ಮುಂದಿನ ಭೇಟಿಯಲ್ಲಿ ಅತ್ತೆ ಆಡಿದ್ದ 'ಕಾಲ್ಗುಣ'ದ ಮಾತು ಬಂದಾಗ ಹೆಂಡತಿಯ ನಾಡಿ 110, ಗಂಡನದು 80. ಬಾಯಿ ಕಟ್ಟಿದ್ದು ಆಕೆಗೆ, ಬಡಬಡಿಸಿದ್ದು ಆತ. ಗಂಡಸು-ಹೆಂಗಸು ಎಂದು ಬರೆದಿಟ್ಟ ಸೂತ್ರ ಒಂದೇ ವಾರದಲ್ಲಿ ತಲೆಕೆಳಗು.

ಬಿಡುವಿನ ಕಟ್ಟಳೆ

ನೂರು ದಾಟಿದವರು ಕೈ ಎತ್ತಿ 'ಇಪ್ಪತ್ತು ನಿಮಿಷ' ಎನ್ನಬೇಕು ಎಂದು ಗೊತ್ತು ಮಾಡಲಾಯಿತು. ಮೊದಲ ಯತ್ನದಲ್ಲೇ ಇದು ಹಳ್ಳ ಹಿಡಿಯಿತು. ಗಂಡ ಕೈ ಎತ್ತಿ ತೋಟಕ್ಕೆ ಹೋದವನು ಮೂರು ಗಂಟೆ ಬಿಟ್ಟು ಬಂದ. ಹೆಂಡತಿ ಅಷ್ಟೂ ಹೊತ್ತು ಅಮ್ಮನಿಗೆ ಫೋನ್ ಮಾಡಿ ಅದೇ ಕತೆ ಹೇಳಿದಳು. ಎದುರು ಆಳಿಲ್ಲದಿದ್ದರೂ ಜಗಳವನ್ನು ಮನಸ್ಸಿನಲ್ಲಿ ಆಡುತ್ತಿದ್ದರೆ ನಾಡಿ ಇಳಿಯುವುದಿಲ್ಲ. ಹಾಗಾಗಿ ಕಟ್ಟಳೆ ತಿದ್ದಿದರು. ಹೋಗುವವರು ಮರಳುವ ಗಂಟೆ ಹೇಳಿಯೇ ಹೋಗಬೇಕು. ಅಲಾರಂ ಉಳಿದವರ ಫೋನಿನಲ್ಲಿ. ಅಂಗಳ ದಾಟುವಂತಿಲ್ಲ. ಆ ಹೊತ್ತಿನಲ್ಲಿ ಆಕೆಗೆ ಫೋನಿಲ್ಲ, ಆತನಿಗೆ ಬಾಟಲಿಯಿಲ್ಲ. ಕೈಗೆ ಕೆಲಸ ಬೇಕು, ಅಡಿಕೆ ಸುಲಿಯುವುದೋ ದನಕ್ಕೆ ಹುಲ್ಲು ಹಾಕುವುದೋ. ಮರಳಿ ಬಂದವರು ಎದುರಿನವರ ಕೊನೆಯ ಮಾತನ್ನು ಮೊದಲು ತಾವೇ ಹೇಳಬೇಕು, ಆಮೇಲೆ ತಮ್ಮದು. ಐದನೇ ಸಲಕ್ಕೆ ಇದು ಹಿಡಿತಕ್ಕೆ ಬಂತು.

ಎರಡು ನೆನಪು

ಆಸ್ಪತ್ರೆಯಲ್ಲಿ ನಡೆದದ್ದರ ಬಗ್ಗೆ ಇಬ್ಬರ ಮಾತೂ ಕೂಡಿಬರುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರನ್ನು ಸುಳ್ಳುಗಾರರೆಂದೇ ನಂಬಿದ್ದರು. ಅದಕ್ಕೆ ಇಬ್ಬರಿಂದಲೂ ಬೇರೆಬೇರೆಯಾಗಿ ಇಪ್ಪತ್ತು ನಿಮಿಷ ಆ ರಾತ್ರಿಯನ್ನು ಹೇಳಿಸಿ ಬರೆದುಕೊಳ್ಳಲಾಯಿತು. ಆಕೆಯದರಲ್ಲಿ ಗಡಿಯಾರದ ಮುಳ್ಳು, ನೀಲಿ ಗೆರೆಯ ಟವಲು, ನರ್ಸಿನ ಕೈಬಳೆ. ಆತನದರಲ್ಲಿ ಇವೊಂದೂ ಇಲ್ಲ. ಇದ್ದದ್ದು ಒಂದೇ: ತಾಯಿ ಉಳಿಯುವುದೂ ಕಷ್ಟ ಎಂದರು, ಕಾಗದಕ್ಕೆ ಸಹಿ ಹಾಕು ಎಂದರು, ಹಾಕಿದೆ. ಆ ಸಹಿಯಿಂದಲೇ ಮಗುವನ್ನು ಬಿಟ್ಟುಕೊಟ್ಟೆ ಎಂದು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದ. ಹೆಂಡತಿಗೆ ಅಂಥದೊಂದು ಸಹಿ ಇತ್ತೆಂದೇ ಗೊತ್ತಿರಲಿಲ್ಲ.

ಅಮೆರಿಕದ ನರವಿಜ್ಞಾನಿ ಲ್ಯಾರಿ ಕಾಹಿಲ್ ಅವರ 2001 ಮತ್ತು 2004ರ ಅಧ್ಯಯನಗಳು ಇಲ್ಲಿ ನೆನಪಾಗುವುದು ಸಹಜ. ಭಾವನೆ ತುಂಬಿದ ದೃಶ್ಯ ನೆನಪಿಗಿಳಿಯುವಾಗ ಹೆಂಗಸರಲ್ಲಿ ಎಡ ಅಮಿಗ್ಡಲ (ಮೆದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗ), ಗಂಡಸರಲ್ಲಿ ಬಲ ಅಮಿಗ್ಡಲ ಹೆಚ್ಚು ಚುರುಕಾಗುತ್ತದೆ ಎಂಬುದು ಅವುಗಳ ಫಲಿತ. ಎಡಕ್ಕೆ ವಿವರ, ಬಲಕ್ಕೆ ಸಾರ ಎಂದು ಅದನ್ನು ಬಗೆದವರುಂಟು. ಕತೆಗೆ ಒಪ್ಪುತ್ತದೆ, ಅದಕ್ಕೇ ಅನುಮಾನಿಸಬೇಕು. ಆ ಪ್ರಯೋಗಗಳಲ್ಲಿ ಇದ್ದದ್ದು ಒಂದೊಂದರಲ್ಲೂ ಇಪ್ಪತ್ತರ ಆಸುಪಾಸು ಜನ ಮಾತ್ರ. ಅಲ್ಲದೆ ಈಕೆ ಆರು ದಿನ ಚಾವಣಿ ನೋಡುತ್ತಾ ಅದನ್ನೇ ಮೆಲುಕು ಹಾಕಿದವಳು. ಆತ ಗುಂಡಿ ತೋಡಿದವನು, ಆಸ್ಪತ್ರೆಯ ಬಿಲ್ಲು ಕಟ್ಟಿದವನು, ಮೈಲುತುತ್ತು ಕರಗಿಸಿದವನು. ಮೆಲುಕು ಹಾಕಿದ ನೆನಪಿಗೆ ಬಣ್ಣ ಉಳಿಯುತ್ತದೆ. ಈ ಸಲ ತಂಡ ಮೆದುಳಿನ ಚಿತ್ರ ಬಿಡಿಸಲಿಲ್ಲ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿತು, ಅಷ್ಟೆ. ಸಹಿಯ ಸಾಲು ಬಂದಾಗ ಗಂಡ ಕೈ ಎತ್ತಿದ. ಇಪ್ಪತ್ತು ನಿಮಿಷ ಬಿಟ್ಟು, ಹೇಳಿದ ಗಂಟೆಗೇ ಬಂದ. ಆಸ್ಪತ್ರೆಯ ಬಿಡುಗಡೆ ಚೀಟಿ ತರಿಸಿ ವೈದ್ಯರು ಅವನಿಗೆ ಓದಿ ಹೇಳಿದರು: ಒಳಗೆ ಸೇರಿಸಿಕೊಳ್ಳುವಾಗಲೇ ಮಗುವಿನ ಎದೆಬಡಿತ ನಿಂತಿತ್ತು. ಸಹಿ ಹಾಕಿದ್ದು ಅದಾದ ಮೇಲೆ.

ರಾತ್ರಿ ಪಂಪಿನ ನೆಪದಲ್ಲಿ ಎಲ್ಲಿಗೆ ಹೋಗುತ್ತಿದ್ದ ಎಂಬುದು ಅದೇ ವಾರ ಗೊತ್ತಾಯಿತು. ಜಾಗ ಕೇಳಿದ್ದು ಹೆಂಡತಿ, ತೋರಿಸಿದ್ದು ಗಂಡ. ಅತ್ತೆ ಬೇಡವೆಂದರು. ಹಿರಿಯರು ಹೆದರಿದಂತೆ ಆಕೆ ಅಲ್ಲೇ ಹೋಗಿ ಕೂರಲಿಲ್ಲ. ಎರಡು ಸಲ ಹೋದಳು, ಸುತ್ತ ನಾಲ್ಕು ಕಲ್ಲಿಡಿಸಿದಳು.

ಆದದ್ದು

ಜುಲೈ ಹೊತ್ತಿಗೆ ಪಿಎಚ್‌ಕ್ಯೂ-9 ಆಕೆಯದು 6. ಆತನ ಗಾಟ್‌ಲ್ಯಾಂಡ್ ಅಂಕ 21ರಿಂದ 11ಕ್ಕೆ, ಆಡಿಟ್ 12ರಿಂದ 7ಕ್ಕೆ ಇಳಿದವು. ಶನಿವಾರದ ಕುಡಿತ ನಿಂತಿಲ್ಲ. ಅತ್ತೆ-ಸೊಸೆಯ ಮಾತು ಇನ್ನೂ ಬಿಗಿ. ಆಕೆಯ ಮಾತ್ರೆ ಇನ್ನೂ ಕನಿಷ್ಠ ಆರು ತಿಂಗಳು ನಡೆಯಬೇಕು. ಅರ್ಧಕ್ಕೆ ಬಿಟ್ಟರೆ ಮರಳುವ ಸಂಭವ ಹೆಚ್ಚು. ಯಾವುದರಿಂದ ಎಷ್ಟು ಗುಣವಾಯಿತೆಂದು ಬೇರ್ಪಡಿಸಿ ಹೇಳಲಾಗದು: ಮಾತ್ರೆ, ಮಾತು, ಕಲ್ಲು, ಸುಮ್ಮನೆ ಕಳೆದ ಕಾಲ, ಎಲ್ಲದರದೂ ಪಾಲಿದೆ. ಮತ್ತೆ ಮಾಡಬೇಕಾಗಿ ಬಂದರೆ ತಂಡ ಬದಲಿಸುವುದು ಮೊದಲ ತಿಂಗಳನ್ನು. ಮಗು ಕಳೆದುಕೊಂಡ ಮನೆಯ ದಾಖಲೆಯಲ್ಲಿ ಇದ್ದದ್ದು ತಾಯಿಯ ಹೆಸರೊಂದೇ. ಈಗ ಅದರ ಅಂಚಿನಲ್ಲಿ ಅಪ್ಪನ ಫೋನ್ ಸಂಖ್ಯೆ, ಯಾವ ಭಾಷೆಯಲ್ಲಿ ಕೇಳಬೇಕು ಎಂಬುದು, ಒಬ್ಬನನ್ನೇ ಕಂಡ ದಿನ, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅಚ್ಚಿನ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕೊನೆಯ ಭೇಟಿಗೆ ಗಂಡ ಬರಲಿಲ್ಲ. "ಮಳೆ ಬಿಟ್ಟಿದೆ, ಆಳು ಸಿಕ್ಕಿದ. ಮದ್ದು ಬಿಡ್ತಾ ಇದ್ದಾರೆ" ಎಂದಳು ಹೆಂಡತಿ. ಊಟದ ಹೊತ್ತಿಗೆ ಮನೆ ಮುಟ್ಟಬೇಕು, ಇಬ್ಬರಿಗೆ ಅನ್ನ ಹಾಕಬೇಕು ಎಂದು ಹನ್ನೊಂದೂವರೆಯ ಬಸ್ಸಿಗೆ ಹೊರಟಳು.